ಇಂಗಿನ ಡಬ್ಬಿಯೊಳಗಿನ ಸೀಟಿ

ನಮ್ಮ ಮನೆಯ ಇಂಗಿನ ಡಬ್ಬಿಯಲ್ಲಿ ಇಂಗಿನ ಜೊತೆಗೆ ಒಂದು ಸೀಟಿಯೂ ಇದೆ. ಮೊನ್ನೆ ಒಗ್ಗರಣೆಗೆಂದು ಕೈ ಹಾಕಿದಾಗ ಬೆರಳಿಗೆ ಮೊದಲು ಸಿಕ್ಕಿದ್ದು ಅದೇ. ಅದನ್ನು ಹಿಡಿದುಕೊಂಡು ಒಬ್ಬಳೇ ನಗುತ್ತ ನಿಂತೆ. ಅಷ್ಟರಲ್ಲಿ ಸಾಸಿವೆ ಸೀದು ಹೋಯಿತು. ಅವತ್ತಿನ ಸಾರನ್ನು ನಮ್ಮ ಮನೆಯವರು ಮಾತಿಲ್ಲದೆ ಉಂಡರು.

ಸೀಟಿ ಅಂದರೆ ಬಸ್ ಕಂಡಕ್ಟರ್ ಊದುವ ಸೀಟಿ. ಒಮ್ಮೆ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೊರಡು. ನಮ್ಮ ಬೈಲಹೊಂಗಲದ ಕಡೆ ಬಸ್ಸಿನಲ್ಲಿ ಓಡಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಕಾರಿನಲ್ಲೇ ತಿರುಗಾಡುವವರೂ ಓದುತ್ತಾರಲ್ಲ, ಅವರಿಗಾಗಿ ಹೇಳಿದೆ.

ನಮ್ಮವರು ಮೂವತ್ತೆರಡು ವರ್ಷ ಕಂಡಕ್ಟರ್ ಆಗಿದ್ದರು. ನಾನು ಊರಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸದಲ್ಲಿದ್ದೆ. ದಿನವಿಡೀ ಮಂದಿಗೆ 'ಸಾವಕಾಶ ಮಾತಾಡ್ರಿ' ಅನ್ನುವುದು ನನ್ನ ಕೆಲಸವಾದರೆ, ಮಂದಿಯ ಕಿವಿ ಗುಂಯ್ ಅನ್ನುವಂತೆ ಊದುವುದು ಅವರ ಕೆಲಸ. ನಮ್ಮಿಬ್ಬರ ಜಾತಕ ನೋಡಿದ ಸ್ವಾಮಿಗಳಿಗೆ ಇದೊಂದು ಹೇಗೆ ಕಾಣಲಿಲ್ಲವೋ ಗೊತ್ತಿಲ್ಲ.

ಮದುವೆಯಾದ ಎರಡನೇ ತಿಂಗಳಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ತವರು ಮನೋಳಿ. ಪಂಚಮಿಗೆ ಹೊರಟಿದ್ದೆ. ಸವದತ್ತಿಯಲ್ಲಿ ಬಸ್ಸು ಹತ್ತಿ ಕೂತ ಮೇಲೆ ನೋಡುತ್ತೇನೆ, ಕಂಡಕ್ಟರ್ ನಮ್ಮವರೇ. ಅವತ್ತು ಅವರ ಡ್ಯೂಟಿ ಆ ರೂಟಿಗೆ ಬದಲಾಗಿದ್ದು ನನಗೆ ಗೊತ್ತಿರಲಿಲ್ಲ. ಹಿಂದಿನಿಂದ ಟಿಕೆಟ್ ಹರಿಯುತ್ತ ಹರಿಯುತ್ತ ನನ್ನ ಸೀಟಿನ ತನಕ ಬಂದರು. ನನ್ನ ಮುಖ ನೋಡಿದರು. ಕಿವಿ ಕೆಂಪಾದವು. ಬಸ್ಸು ತುಂಬ ಮಂದಿ. ಏನು ಮಾತಾಡುವುದೆಂದು ತೋಚದೆ ರೂಢಿಯ ಬಾಯಿಂದ ರೂಢಿಯ ಮಾತೇ ಹೊರಟಿತು: "ಎಲ್ಲಿಗ್ರಿ ಅಕ್ಕಾರ?"

ನಾನಾದರೂ ಸುಮ್ಮನಿರಬೇಕಿತ್ತು. ಗಾಬರಿಯಲ್ಲಿ, "ಮನೋಳಿಗ್ರಿ ಅಣ್ಣಾರ" ಅಂದುಬಿಟ್ಟೆ.

ನನ್ನ ಹಿಂದಿನ ಸೀಟಿನಲ್ಲಿ ನಮ್ಮ ಓಣಿಯ ನೀಲಮ್ಮಕ್ಕ ಕೂತಿದ್ದಳು. ಒಂದು ತಿಂಗಳ ಹಿಂದಷ್ಟೇ ನಮ್ಮ ಮದುವೆಯಲ್ಲಿ ಹೋಳಿಗೆ ಉಂಡು ಹೋದವಳು. ಬಸ್ಸು ಮಲಪ್ರಭೆಯ ದಂಡೆ ಮುಟ್ಟುವುದರೊಳಗೆ ಸುದ್ದಿ ಡ್ರೈವರನ ತನಕ ಹೋಗಿತ್ತು. ಮನೋಳಿಯಲ್ಲಿ ಇಳಿದಾಗ ಬಸ್ಸಿಗೆ ಬಸ್ಸೇ ನಗುತ್ತಿತ್ತು. ಹಬ್ಬ ಮುಗಿಸಿ ಮನೆಗೆ ಬಂದ ರಾತ್ರಿ ನಮ್ಮವರು ಕಾನೂನು ಮಾಡಿದರು: "ಇನ್ನ ಮ್ಯಾಲೆ ನೀ ನನ್ನ ಗಾಡಿ ಹತ್ತಬ್ಯಾಡ." ನಾನು ಹತ್ತಲಿಲ್ಲ. ಅವರ ಗಾಡಿ ಬಂದರೆ ಅದನ್ನು ಬಿಟ್ಟು ಹಿಂದಿನದಕ್ಕೆ ಹೋಗುತ್ತಿದ್ದೆ. ಮಕ್ಕಳಾದರು, ದೊಡ್ಡವರಾದರು, ಮದುವೆಯಾಗಿ ಹೋದರು. ರಜೆಯ ದಿನ ಎಲ್ಲಿಗಾದರೂ ಕೂಡಿ ಹೋದರೂ ನಮ್ಮವರು ಬಸ್ಸಿನಲ್ಲಿ ಕೂಡುತ್ತಿರಲಿಲ್ಲ. ಬಾಗಿಲ ಬಳಿ ಆ ದಿನದ ಕಂಡಕ್ಟರ್ ಜೊತೆ ಮಾತಾಡುತ್ತ ನಿಲ್ಲುತ್ತಿದ್ದರು.

ಹೀಗಾಗಿ ನನ್ನೊಳಗೆ ಒಂದು ಆಸೆ ಉಳಿದೇಬಿಟ್ಟಿತು. ಹೇಳಿದರೆ ನೀವು ನಗುತ್ತೀರಿ, ಆದರೂ ಹೇಳುತ್ತೇನೆ. ಒಮ್ಮೆ, ಒಂದೇ ಒಂದು ಸಲ, ಬಸ್ಸಿನಲ್ಲಿ ಇವರು ನನ್ನ ಪಕ್ಕದ ಸೀಟಿನಲ್ಲಿ ಕೂಡಬೇಕು. ಮಾತಾಡದಿದ್ದರೂ ಅಡ್ಡಿಯಿಲ್ಲ. ಬಂಗಾರ ಕೇಳಿದವಳಲ್ಲ, ಕಾಶಿಗೆ ಕರೆದುಕೊಂಡು ಹೋಗೆಂದು ಹಟ ಹಿಡಿದವಳಲ್ಲ. ಇದನ್ನು ಮಾತ್ರ ಬಾಯಿಬಿಟ್ಟು ಕೇಳಲು ನಾಚಿಕೆಯಾಗುತ್ತಿತ್ತು. ಬೇಕಾದ ಸೀರೆಯನ್ನು ಕೇಳಬಹುದು, ಇದನ್ನು ಹೇಗೆ ಕೇಳುವುದು?

ನಿವೃತ್ತಿಯಾದ ಮೇಲೆ ನಮ್ಮವರು ಆರು ತಿಂಗಳು ಮನೆಯಲ್ಲಿ ಕೂತರು. ಕೂತರು ಅಂದೆನಲ್ಲ, ಅದೂ ಸುಳ್ಳು, ತಲಬಾಗಿಲಲ್ಲಿ ನಿಂತಿರುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ, "ಗುಡ್ಡಾ ಹತ್ತೂಣ ಬಾ" ಅಂದರು.

"ಯಾವ ಗುಡ್ಡರಿ?"

"ಎಲ್ಲಾ ಗುಡ್ಡ. ಮೂವತ್ತೆರಡು ವರ್ಷ ಫುಟ್‌ಬೋರ್ಡ್ ಮ್ಯಾಲೆ ನಿಂತು ನೋಡೇನಿ. ಒಂದರ ಮ್ಯಾಲೂ ಕಾಲಿಟ್ಟಿಲ್ಲ. ಹತ್ತಾವ್ರು ಇಳ್ಯಾವ್ರು ಎಲ್ಲಾ ಮಂದಿ, ನಾ ಎರಡ ಸೀಟಿ ಹೊಡದು ಮುಂದ ಹೋಗಾವಾ."

ಇದನ್ನು ಅವರು ತಮಾಷೆಗೆ ಹೇಳಲಿಲ್ಲ. ಸವದತ್ತಿಯಿಂದ ರಾಮದುರ್ಗದ ತನಕ, ಕಿತ್ತೂರಿನಿಂದ ಕಾಡಿನ ಅಂಚಿನ ತನಕ ಯಾವ ಗುಡ್ಡ ಯಾವ ಸ್ಟಾಪಿನ ಎದುರಿಗೆ ಬರುತ್ತದೆಂದು ಬಾಯಿಪಾಠ ಹೇಳುವ ಮನುಷ್ಯನಿಗೆ ಆ ಗುಡ್ಡಗಳ ಒಂದೇ ಬದಿ ಗೊತ್ತಿತ್ತು. ನಾನು ಹೂಂ ಅಂದೆ. ಗುಡ್ಡದ ಆಸೆ ಅವರದು, ಗುಡ್ಡಕ್ಕೆ ಬಸ್ಸಿನಲ್ಲೇ ಹೋಗಬೇಕಲ್ಲ ಎಂಬ ಲೆಕ್ಕ ನನ್ನದು. ಡ್ಯೂಟಿ ಇಲ್ಲದ ಮನುಷ್ಯ ಇನ್ನೆಲ್ಲಿ ಕೂಡುತ್ತಾರೆ, ನನ್ನ ಪಕ್ಕದಲ್ಲೇ ಅಂದುಕೊಂಡೆ.

ಹಾಗೆ ಶುರುವಾಯಿತು ನಮ್ಮ ರವಿವಾರದ ಚಾರಣ. ಚಾರಣ ಅನ್ನುವುದು ನನ್ನ ಪುಸ್ತಕದ ಮಾತು. ಅವರು ಅದನ್ನು ಟ್ರಿಪ್ಪು ಅನ್ನುತ್ತಾರೆ. ಈಗ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಆಧಾರ ಕಾರ್ಡು ತೋರಿಸಿ ನಾನು ರಾಣಿಯ ಹಾಗೆ ಕೂಡುತ್ತೇನೆ. ಜೀವಮಾನವೆಲ್ಲ ಮಂದಿಗೆ ಟಿಕೆಟ್ ಕೊಟ್ಟವರು ಕಿಸೆಗೆ ಕೈ ಹಾಕಿ ತಮ್ಮ ಟಿಕೆಟ್ ತೆಗೆದುಕೊಳ್ಳುತ್ತಾರೆ. ತೆಗೆದುಕೊಂಡು? ಎಲ್ಲಿ ಕೂಡುತ್ತಾರೆ? ಹೆಂಗಸರ ಸೀಟು ಮುಂದೆ, ಅದಕ್ಕೆ ತಾವು ಕೂಡುವಂತಿಲ್ಲವಂತೆ. ಹಿಂದೆ ಖಾಲಿ ಇದ್ದರೂ ಕೂಡುವುದಿಲ್ಲ. ಬಾಗಿಲ ಕಂಬ ಹಿಡಿದು ನಿಂತು, ಹತ್ತುವವರಿಗೆಲ್ಲ "ಒಳಗ ಸರೀರಿ, ಬಾಗಲದಾಗ ನಿಂದರಬ್ಯಾಡ್ರಿ" ಅನ್ನುತ್ತಾರೆ. ಬಾಗಿಲಲ್ಲಿ ನಿಂತವರು ಇವರೊಬ್ಬರೇ. ನಾನು ನನ್ನ ಪಕ್ಕದ ಸೀಟಿನ ಮೇಲೆ ಬುತ್ತಿಯ ಚೀಲ ಇಟ್ಟು ಕಾಯುತ್ತಿದ್ದೆ. ಎರಡು ಸ್ಟಾಪು ಕಳೆಯುವಷ್ಟರಲ್ಲಿ ಯಾರಾದರೂ ಬಂದು, "ಚೀಲಾ ತಗೀರಿ ಅಕ್ಕಾರ" ಅನ್ನುತ್ತಿದ್ದರು.

ಆ ಚೀಲದ್ದೂ ಒಂದು ಕತೆ ಇದೆ. ರಾಮದುರ್ಗದ ಕಡೆ ಸಾಲಹಳ್ಳಿಯ ಹತ್ತಿರದ ಗುಡ್ಡಕ್ಕೆ ಹೋಗಿದ್ದೆವು. ಬಸ್ಸು ನಿಂತಿತು, ನಾನು ಇಳಿದೆ. ನಮ್ಮವರು ಎಲ್ಲರಿಗಿಂತ ಕೊನೆಗೆ ಇಳಿದು, ಹಿಂದೆ ಮುಂದೆ ನೋಡಿ, ಬಸ್ಸಿನ ಮೈಯನ್ನು ದಬ್ ದಬ್ ಎಂದು ಬಡಿದು "ರೈಟ್" ಅಂದರು. ಬಸ್ಸು ಹೋಯಿತು. ಬುತ್ತಿ ಬಸ್ಸಿನಲ್ಲೇ ಹೋಯಿತು. ಹತ್ತು ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಾನು ಕಣ್ಣಲ್ಲಿ ನೀರು ತಂದುಕೊಂಡು ನಿಂತಿದ್ದರೆ ಅವರು ಗುರುತಿನ ಕಂಡಕ್ಟರನಿಗೆ ಫೋನ್ ಹಚ್ಚಿ, "ಕೆಡಸಬ್ಯಾಡ್ರಿ, ನೀವs ಉಣ್ರಿ. ಹಿಂಡಿ ಭಾಳ ಚೊಲೋ ಮಾಡತಾಳ" ಅಂದರು. ಅಷ್ಟು ವರ್ಷಗಳಲ್ಲಿ ನನ್ನ ಅಡುಗೆಯನ್ನು ಅವರು ಹೊಗಳಿದ್ದು ಅದೊಂದೇ ಸಲ, ಅದೂ ಬೇರೆಯವರು ಉಣ್ಣುವಾಗ. ನಾವಿಬ್ಬರು ಆ ದಿನ ಗುಡ್ಡದ ಮೇಲೆ ಮುಳ್ಳು ಚುಚ್ಚಿಸಿಕೊಂಡು ಬಾರಿಹಣ್ಣು ತಿಂದೆವು.

ಬಾರಿಹಣ್ಣು, ಪುಸ್ತಕದಲ್ಲಿ ಬೋರೆಹಣ್ಣು, ಅಂದರೆ ನನಗೆ ಸಾಲೆಯ ದಿನಗಳು. ಪಾಟಿಚೀಲದ ತಳದಲ್ಲಿ ಬಾರಿಹಣ್ಣು, ಅದರ ಮೇಲೆ ಉಪ್ಪಿನ ಪುಡಿಕೆ, ಅದರ ಮೇಲೆ ಗಣಿತದ ಪುಸ್ತಕ. ನನ್ನ ಗಣಿತ ಕಡೆಯವರೆಗೂ ಅಂಟಂಟಾಗಿಯೇ ಉಳಿಯಿತು. ಆದರೆ ಗುಡ್ಡದ ಮೇಲೆ ಕೂತು ಇಂಥದ್ದನ್ನೆಲ್ಲ ನೆನೆಯಲು ಪುರುಸೊತ್ತು ಕೊಡಬೇಕಲ್ಲ ಇವರು.

ನಿವೃತ್ತಿಯ ದಿನ ಎಲ್ಲವನ್ನೂ ಡಿಪೋಕ್ಕೆ ಒಪ್ಪಿಸಿ ಬಂದವರು ಸೀಟಿಯನ್ನು ಮಾತ್ರ ಮನೆಗೆ ತಂದಿದ್ದರು. ಅದು ಅವರ ಸ್ವಂತದ್ದು, ಸಂತೆಯಲ್ಲಿ ಕೊಂಡದ್ದು. ಅದನ್ನು ಕೊರಳಿಗೆ ಹಾಕಿಕೊಂಡೇ ಗುಡ್ಡ ಹತ್ತುತ್ತಿದ್ದರು. ನಾನು ಒಂದು ಬಂಡೆಯ ಮೇಲೆ ಕೂತರೆ ಕೈಗಡಿಯಾರ ನೋಡಿ, "ಎರಡ ಮಿನಿಟ್" ಅನ್ನುತ್ತಿದ್ದರು. ಎರಡು ಮಿನಿಟಿಗೆ ಸರಿಯಾಗಿ ಸೀಟಿ, ಎರಡು ಸಲ. ನೀರು ಕುಡಿಯುತ್ತಿದ್ದರೂ ಸೀಟಿ, ಹಕ್ಕಿ ನೋಡುತ್ತಿದ್ದರೂ ಸೀಟಿ. ಹಕ್ಕಿ ಸೀಟಿಗೆ ಹಾರಿಹೋಗುತ್ತಿತ್ತು, ನಾನು ಏಳುತ್ತಿದ್ದೆ. ಇಳಿಯುವ ಮೊದಲು ಮಂದಿಯನ್ನು ಎಣಿಸುವ ರೂಢಿಯೂ ಹೋಗಿರಲಿಲ್ಲ. ತಿರುಗಿ ನಿಂತು ನನ್ನನ್ನು ನೋಡಿ ಬೆರಳು ತೋರಿಸಿ "ಒಂದು" ಅನ್ನುತ್ತಿದ್ದರು. ಆಮೇಲೆ ಯಾರೋ ಕಡಿಮೆಯಾದಂತೆ ಆಚೀಚೆ ನೋಡುತ್ತಿದ್ದರು. ತಮ್ಮನ್ನು ಎಣಿಸಿಕೊಳ್ಳುವುದು ಅವರಿಗೆ ಗೊತ್ತಿರಲಿಲ್ಲ.

ಈಗ ದೇಗಾಂವದ ದಿನಕ್ಕೆ ಬರುತ್ತೇನೆ. ಹೋದ ವರ್ಷ ಮಳೆಗಾಲ ಮುಗಿಯುತ್ತ ಬಂದಿತ್ತು. ಕಿತ್ತೂರಿನಲ್ಲಿ ಬಸ್ಸು ಬದಲಿಸಿ ದೇಗಾಂವದಲ್ಲಿ ಇಳಿದೆವು. ಕಮಲನಾರಾಯಣನ ಗುಡಿಯ ಕಲ್ಲಿನ ಕೆತ್ತನೆ ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ನಮ್ಮವರು ದೇವರಿಗೆ ಹತ್ತು ಮಿನಿಟ್ ಕೊಟ್ಟರು. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಾಡಿನೊಳಗಿನ ಒಂದು ಕ್ರಾಸಿನಲ್ಲಿ ಇಳಿದೆವು. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ, ಒಂದು ಕಲ್ಲುಕಟ್ಟೆ ಮಾತ್ರ. ಪಕ್ಕದಿಂದ ದನ ಹೋಗುವ ದಾರಿಯೊಂದು ಗುಡ್ಡಕ್ಕೆ ಏರುತ್ತದೆ. ವಾಪಸು ಬಸ್ಸು ನಾಲ್ಕು ಗಂಟೆಗೆ, ಅದೇ ಕಡೆಯದು.

ಸಾಗವಾನಿ ಕಾಡು. ಗಿಡಗಳು ಬಿಳಿ ಹೂ ಬಿಟ್ಟಿದ್ದವು. ಆಗೊಮ್ಮೆ ಈಗೊಮ್ಮೆ ಹನಿ ಬಿದ್ದರೆ ಅಗಲ ಎಲೆಗಳ ಮೇಲೆ ಟಪ್ ಟಪ್ ಎಂದು ಸದ್ದು, ಮೈಗೆ ಒಂದು ಹನಿಯೂ ತಾಗುವುದಿಲ್ಲ. ಗ್ರಂಥಾಲಯದಲ್ಲಿ ನಾನು ಎಷ್ಟು ವರ್ಷ ಗದರಿಸಿದರೂ ಸಿಗದ ಮೌನ ಇಲ್ಲಿ ಪುಕ್ಕಟೆ ಬಿದ್ದಿತ್ತು. ನಡುನಡುವೆ ಸೀಟಿ ಬಿಟ್ಟರೆ.

ಮೇಲೆ ಹೋಗಿ, ಬುತ್ತಿ ಬಿಚ್ಚಿ ಅರ್ಧ ಉಂಡು, ಇಳಿಯುತ್ತ ಇಳಿಯುತ್ತ ರಸ್ತೆಯ ಸಮೀಪಕ್ಕೆ ಬಂದಾಗ ದಾರಿಯ ಬದಿಗೆ ಒಂದು ಎಳೆಯ ಸಾಗವಾನಿ ಸಸಿ ಕಂಡಿತು. ಅದರ ಚಿಗುರೆಲೆಯನ್ನು ಅಂಗೈಯಲ್ಲಿ ಹಾಕಿ ತಿಕ್ಕಿದರೆ ಕೈ ಕೆಂಪಾಗುತ್ತದೆ. ಸಣ್ಣವಳಿದ್ದಾಗ ಕಿತ್ತೂರಿನ ಸೋದರತ್ತೆ ನಮಗೆಲ್ಲ ಹಾಗೆ ತಿಕ್ಕಿ, 'ಗೋರಂಟಿಗಿಂತ ಲಗೂ ಆತು ನೋಡ್ರಿ' ಅನ್ನುತ್ತಿದ್ದಳು. ನಾನು ಕಲ್ಲಿನ ಮೇಲೆ ಕೂತೆ. ನಾಲ್ಕೈದು ಚಿಗುರು ಕಿತ್ತೆ. ತಿಕ್ಕಿದೆ. ಐವತ್ತು ವರ್ಷಗಳ ನಂತರವೂ ಬಣ್ಣ ಬಂತು.

"ನಾಲ್ಕಕ್ಕ ಬಸ್ಸೈತಿ" ಎಂದು ಮುಂದಿನಿಂದ ದನಿ ಬಂತು. ನಮ್ಮವರು ತಿರುವಿನಲ್ಲಿ ನಿಂತಿದ್ದರು. ಅಲ್ಲಿಂದ ರಸ್ತೆ ಕಲ್ಲೆಸೆತದ ದೂರ, ಆದರೆ ಗಿಡಗಳ ಮರೆಯಲ್ಲಿ ಕಾಣುವುದಿಲ್ಲ.

"ಇನ್ನs ಟೈಮ್ ಐತ್ರಿ. ಇನ್ನೊಂದ ಕೈ ಉಳದೈತಿ."

"ಏಳು."

ಏಳಲಿಲ್ಲ. ಯಾಕೋ ಅವತ್ತು ಏಳಬಾರದು ಅನ್ನಿಸಿತು. ಅವರು ಸೀಟಿ ಬಾಯಿಗಿಟ್ಟು ಎರಡು ಸಲ ಊದಿದರು. ನಾನು ಎಡಗೈ ತಿಕ್ಕುತ್ತ ಕೂತೆ. ಅವರಿಗೆ ಸಿಟ್ಟು ಬಂತು. ಮೂವತ್ತೆರಡು ವರ್ಷದ ಉಸಿರನ್ನೆಲ್ಲ ಹಾಕಿ, ಕಾಡೆಲ್ಲ ಮೊಳಗುವಂತೆ ಮತ್ತೆ ಎರಡು ಸಲ ಊದಿದರು.

ಕೆಳಗೆ ಒಂದು ಎಂಜಿನ್ ಗುರ್ ಅಂದಿತು. ಗೇರು ಬಿದ್ದ ಸದ್ದಾಯಿತು. ಗಾಡಿ ಹೊರಟು ಹೋದ ಸದ್ದು ದೂರ ದೂರವಾಯಿತು. ನಮ್ಮವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಓಡಿದೆವು, ನಮ್ಮ ಮೊಣಕಾಲು ಓಡುವಷ್ಟು.

ರಸ್ತೆಯಲ್ಲಿ ಬಸ್ಸಿರಲಿಲ್ಲ. ರಸ್ತೆಯ ನಟ್ಟನಡುವೆ ಖಾಕಿ ಬಟ್ಟೆಯ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಹೆಗಲಿಗೆ ರೊಕ್ಕದ ಚೀಲ, ಕೊರಳಿಗೆ ಟಿಕೆಟ್ ಮಷೀನು, ಕೈಯಲ್ಲಿ ನೀರಿನ ಬಾಟಲಿ. ಮೂವತ್ತೈದರ ಆಸುಪಾಸಿನ ಕಂಡಕ್ಟರ್. ಬಸ್ಸು ಬೇಗ ಬಂದಿದೆ, ಕ್ರಾಸಿನಲ್ಲಿ ನಾಲ್ಕರ ತನಕ ನಿಲ್ಲಬೇಕು, ಅಷ್ಟರಲ್ಲಿ ಗಿಡದ ಮರೆಗೆ ಹೋಗಿ ಬರೋಣವೆಂದು ಇಳಿದಿದ್ದಾಳೆ. ಬರುವಷ್ಟರಲ್ಲಿ ಬಸ್ಸಿಲ್ಲ.

"ನೋಡ್ರಿ ಅಕ್ಕಾರ, ನನ್ನ ಬಿಟ್ಟ ಹೋದಾರ" ಅಂದಳು. ಅಳಬೇಕೋ ನಗಬೇಕೋ ತಿಳಿಯದ ದನಿ. "ಯಾರೋ ಸೀಟಿ ಹೊಡದಾರ್ರಿ. ನನ್ನ ಸೀಟಿ ಇಲ್ಲೇ ಕಿಸೇದಾಗ ಐತಿ. ಫೋನ್ ಗಾಡ್ಯಾಗ ಉಳದೈತಿ."

ನಾನು ನಮ್ಮವರ ಕಡೆ ನೋಡಿದೆ. ಕೊರಳಲ್ಲಿದ್ದ ಸೀಟಿ ಅಂಗಿಯೊಳಗೆ ಹೋಗಿಬಿಟ್ಟಿತ್ತು. ದಾರ ಮಾತ್ರ ಕಾಣುತ್ತಿತ್ತು.

ನಮ್ಮ ಫೋನಿಗೂ ಅಲ್ಲಿ ಸಿಗ್ನಲ್ ಇರಲಿಲ್ಲ. ಕಟ್ಟೆಯ ಮೇಲೆ ಕೂತೆವು. ಉಳಿದ ರೊಟ್ಟಿ ಬಿಚ್ಚಿದೆ. ಹುಡುಗಿ ಹಸಿದಿದ್ದಳು, ಸಂಕೋಚವಿಲ್ಲದೆ ಉಂಡಳು. ಉಣ್ಣುತ್ತಲೇ, "ಮುಂದಿನ ಸ್ಟಾಪಿನಾಗ ಸೀಟಿ ಬರಲಿಲ್ಲಂದ್ರ ಡ್ರೈವರ್ ಹೊಳ್ಳಿ ನೋಡ್ತಾರ. ಬರ್ತಾರ ಬಿಡ್ರಿ" ಎಂದು ನಮಗೇ ಧೈರ್ಯ ಹೇಳಿದಳು. ಆಮೇಲೆ, "ಕಂಡಕ್ಟರ್ ಬಿಟ್ಟು ಬಂದ ಗಾಡಿ ಅಂತ ನಾಳೆ ಡಿಪೋದಾಗ ನಗತಾರ. ಹೆಣ್ಣಮಗಳು, ಆಕಿಗೆ ಗಾಡಿ ಸಂಭಾಳಸಾಕ ಆಗಂಗಿಲ್ಲ ಅಂತಾರ. ಅದs ಬ್ಯಾಸರ" ಅಂದಳು.

ನಮ್ಮವರು ರೊಟ್ಟಿ ಮುಟ್ಟಿರಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ತಪ್ಪಿಗೆಂದು ಒಂದು ಮೆಮೊ ಬಂದಿಲ್ಲ ಎಂದು ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಹೇಳುವ ಮನುಷ್ಯ. ಆದರೆ ಆ ಮಾತು ಕೇಳಿ ಅವರಿಗೆ ಕೂಡಲಾಗಲಿಲ್ಲ. ಎದ್ದು ನಿಂತರು. ಅಂಗಿಯೊಳಗಿನಿಂದ ಸೀಟಿ ಹೊರಗೆ ತೆಗೆದರು.

"ಹೊಡದಾವ ನಾನs ಯವ್ವಾ."

ಆಕೆ ಸೀಟಿ ನೋಡಿದಳು, ಇವರನ್ನು ನೋಡಿದಳು. "ಯಾಕ್ರಿ ಕಾಕಾರ?"

"ಈಕಿ ಏಳವಲ್ಲಳು. ಎಬ್ಬಸಾಕ ಹೊಡದೆ."

"ಅಲ್ರಿ," ಅಂದಳು ಆಕೆ, ಬಾಯಲ್ಲಿದ್ದ ತುತ್ತು ನುಂಗಿ, ಬಹಳ ಸಾವಕಾಶವಾಗಿ, "ಅಕ್ಕಾರೇನ್ ಗಾಡಿ ಏನ್ರಿ?"

ಇವರು ನನ್ನ ಕಡೆ ತಿರುಗಿದರು. ಆ ನೋಟವನ್ನು ನಾನು ಹಿಂದೆ ಒಮ್ಮೆ ಮಾತ್ರ ಕಂಡಿದ್ದೆ, ಸವದತ್ತಿ ಬಸ್ಸಿನಲ್ಲಿ. ಕಿವಿ ಅವತ್ತಿನಷ್ಟೇ ಕೆಂಪಾಗಿದ್ದವು. ನಾನು ನಕ್ಕೆ. ಹುಡುಗಿಯೂ ನಕ್ಕಳು. ನಗುತ್ತ ನಗುತ್ತ ನನ್ನ ಕಣ್ಣು ಯಾಕೆ ತುಂಬಿಬಂದವೋ, ಸೆರಗಿನಿಂದ ಒರೆಸಿಕೊಂಡೆ. ಇಷ್ಟು ವರ್ಷ ನಾನು ಕೇಳಬೇಕಾದ ಪ್ರಶ್ನೆಯನ್ನು ಯಾರೋ ಹೆಣ್ಣುಮಗಳು ರೊಟ್ಟಿ ತಿನ್ನುತ್ತ ಕೇಳಿಬಿಟ್ಟಿದ್ದಳು.

ಇಪ್ಪತ್ತು ನಿಮಿಷಕ್ಕೆ ಬಸ್ಸು ತಿರುಗಿ ಬಂತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸೀಟಿ ಹೊಡದೀರಿ, ಹೋದೆ. ನಂದೇನ್ ತಪ್ಪೈತ್ರಿ ಮೇಡಮ್ಮರ?" ಅಂದ. ನಮ್ಮವರು ಡ್ರೈವರನ ಬಾಗಿಲ ತನಕ ಹೋಗಿ, ಒಳಗಿದ್ದ ಏಳೆಂಟು ಮಂದಿಗೂ ಕೇಳುವಂತೆ, ತಪ್ಪು ತಮ್ಮದೆಂದು ಹೇಳಿದರು. ಡಿಪೋದಲ್ಲಿ ಯಾರಾದರೂ ನಕ್ಕರೆ ತಮ್ಮ ಹೆಸರು ಹೇಳಬೇಕೆಂದು ಹೇಳಿ ಹೆಸರನ್ನೂ ಹೇಳಿದರು. ಅಷ್ಟು ಜೋರಾಗಿ ಅವರು ಸ್ಟಾಪಿನ ಹೆಸರು ಬಿಟ್ಟು ಇನ್ನೇನನ್ನೂ ಕೂಗಿದ್ದು ನಾನು ಕೇಳಿರಲಿಲ್ಲ.

ಹತ್ತಿದೆವು. ನಾನು ಮುಂದಿನ ಸೀಟಿನಲ್ಲಿ ಕಿಟಕಿಗೆ ಕೂತೆ. ಅವರು ಎಂದಿನಂತೆ ಬಾಗಿಲ ಕಂಬಕ್ಕೆ ಕೈ ಹಾಕಿದರು.

"ಕಾಕಾರ, ಆ ಸೀಟಿ ಇಲ್ಲಿ ಕೊಡ್ರಿ" ಅಂದಳು ಹುಡುಗಿ. ಇವರು ಸಾಲೆಯ ಹುಡುಗನಂತೆ ಕೊರಳಿನಿಂದ ತೆಗೆದು ಕೊಟ್ಟರು. ಆಕೆ ಅದನ್ನು ತಂದು ನನ್ನ ಕೈಯಲ್ಲಿಟ್ಟಳು. "ನಿಮ್ಮ ಕಡೆ ಇರಲ್ರಿ ಅಕ್ಕಾರ. ಕಾಕಾರ, ನೀವು ಅಕ್ಕಾರ ಬಾಜೂಕ ಕುಂಡ್ರಿ."

"ಅದು ಲೇಡೀಜ್ ಸೀಟವ್ವಾ."

"ಈ ಗಾಡಿಗೆ ಕಂಡಕ್ಟರ್ ನಾ ಅದೇನ್ರಿ. ನಾ ಹೇಳಾಕತ್ತೇನಿ, ಕುಂಡ್ರಿ."

ಕಂಡಕ್ಟರ್ ಹೇಳಿದ ಮೇಲೆ ಕಂಡಕ್ಟರ್ ಕೇಳಲೇಬೇಕು. ಬಂದು ಕೂತರು. ಸೀಟಿನ ತುದಿಯಲ್ಲಿ, ಅರ್ಧ ಹೊರಗೆ, ಯಾವ ಗಳಿಗೆಯಲ್ಲಾದರೂ ಏಳುವವರಂತೆ. ಆಕೆ ಎರಡು ಸೀಟಿ ಹೊಡೆದಳು. ಇವರ ಕಾಲು ತಾನಾಗಿಯೇ ಎದ್ದಿತು, ಮತ್ತೆ ಕೂತಿತು. ಕೈ ಎಲ್ಲಿಡುವುದೆಂದು ಗೊತ್ತಾಗುತ್ತಿರಲಿಲ್ಲ. ತೊಡೆಯ ಮೇಲಿಟ್ಟರು, ಮುಂದಿನ ಸರಳಿಗೆ ಇಟ್ಟರು. ಒಂದು ತಿರುವಿನಲ್ಲಿ ಬಸ್ಸು ವಾಲಿದಾಗ ಪೂರ್ತಿ ಒಳಗೆ ಸರಿದರು. ಮತ್ತೆ ಹೊರಗೆ ಸರಿಯಲಿಲ್ಲ.

"ನಿನ್ನ ಕೈಗೇನಾತು?" ಎಂದು ಗಾಬರಿಯಾದರು. ನನ್ನ ಅಂಗೈ ಕೆಂಪಗಿತ್ತು.

"ಸಾಗವಾನಿ ಎಲೀರಿ. ಅದಕ್ಕs ಕುಂತಿದ್ದೆ."

ಕೈ ಹಿಡಿದು ತಿರುಗಿಸಿ ನೋಡಿದರು. ಬಿಡಲಿಲ್ಲ. ಕಿಟಕಿಯ ಆಚೆ ನಾವು ಹತ್ತಿ ಇಳಿದ ಗುಡ್ಡ ಹಿಂದೆ ಹೋಗುತ್ತಿತ್ತು. ನನ್ನ ಭುಜದ ಮೇಲಿಂದ ಬಗ್ಗಿ ಅದನ್ನು ನೋಡಿ, "ಕುಂತ ನೋಡಿದ್ರ ಬ್ಯಾರೆನs ಕಾಣತೈತಿ" ಅಂದರು. ಕಿತ್ತೂರಿನ ತನಕ ಇನ್ನೇನೂ ಮಾತಾಡಲಿಲ್ಲ. ನನಗೂ ಬೇಕಾಗಿರಲಿಲ್ಲ. ಎಷ್ಟೋ ವರ್ಷ ಕಾದದ್ದು ಸಿಕ್ಕಿತ್ತು, ಅದೂ ಪುಕ್ಕಟೆ ಟಿಕೆಟಿನಲ್ಲಿ.

ಸೀಟಿಯನ್ನು ಮನೆಗೆ ತಂದು ಇಂಗಿನ ಡಬ್ಬಿಯಲ್ಲಿಟ್ಟೆ. ಅವರು ಎಂದೂ ಕೈ ಹಾಕದ ಜಾಗ ಮನೆಯಲ್ಲಿ ಅದೊಂದೇ. ಅದು ಎಲ್ಲಿದೆಯೆಂದು ಅವರು ಕೇಳಿಲ್ಲ. ರವಿವಾರ ಹೊರಡುವಾಗ ನಾನು ಅದನ್ನು ಪರ್ಸಿಗೆ ಹಾಕಿಕೊಳ್ಳುತ್ತೇನೆ, ಸಂಜೆ ಬಂದು ಮತ್ತೆ ಡಬ್ಬಿಗೆ ಹಾಕುತ್ತೇನೆ. ಬಸ್ಸಿನಲ್ಲಿ ಇಂಗಿನ ವಾಸನೆ ಬಂದರೆ ನಾವು ಹತ್ತಿದ್ದೇವೆಂದು ತಿಳಿಯಿರಿ. ಹಿಂದೆ ಇಬ್ಬರು ಕೂಡುವ ಸೀಟು ನೋಡಿ ಕೂತಿರುತ್ತೇವೆ, ಕಿಟಕಿಗೆ ಈಗ ಅವರೇ.

ಗುಡ್ಡದ ಮೇಲೆ ನಾನು ಬಂಡೆ ನೋಡಿ ಕೂಡುತ್ತೇನೆ. ಅವರೂ ಕೂಡುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಕೈಗಡಿಯಾರ ನೋಡಿ, ನನ್ನ ಪರ್ಸಿನ ಕಡೆ ನೋಡಿ, "ಹೋಗೂಣೇನು?" ಎಂದು ಕೇಳುತ್ತಾರೆ. ಹೊರಡಿಸುವ ಸೀಟಿ ಈಗ ನನ್ನ ಹತ್ತಿರ ಇದೆ. ನಾನು ಇನ್ನೂ ಒಮ್ಮೆಯೂ ಊದಿಲ್ಲ.